ನೀರಿನೊಳಗಿನ ಹಾಯಿ

ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ವಾರಗಟ್ಟಲೆ ನೀರಿನ ಮೇಲೆ ಕಳೆಯುವವರು ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಇದ್ದಾರೆ. ಅವರು ಬೆಳಗ್ಗೆ ಎದ್ದು ಮೊದಲು ನೋಡುವುದು ಗಾಳಿಯನ್ನು. ನಮ್ಮ ಪುತ್ತೂರು, ಸುಳ್ಯ, ಕಡಬದ ಹೊಳೆಬದಿಯಲ್ಲಿ ದೋಣಿಯನ್ನೇ ನಂಬಿದ್ದವರು ಎದ್ದು ನೋಡುತ್ತಿದ್ದದ್ದು ನೀರನ್ನು: ಯಾವ ಬಂಡೆ ಮುಳುಗಿದೆ, ನೀರಿನ ಬಣ್ಣ ಕೆಂಪಾಗಿದೆಯೇ, ಮರದ ದಿಮ್ಮಿಗಳು ತೇಲಿ ಬರುತ್ತಿವೆಯೇ ಎಂದು. ನೇತ್ರಾವತಿ, ಕುಮಾರಧಾರಾ, ಪಯಸ್ವಿನಿಯ ಕಡವುಗಳಲ್ಲಿ ದೋಣಿ ಇತ್ತು, ಹುಟ್ಟು ಇತ್ತು, ಬಿದಿರಿನ ಗಳ ಇತ್ತು, ಹಾಯಿ ಇರಲಿಲ್ಲ. ಒಳನಾಡಿನವರಿಗೆ ಆ ವಿದ್ಯೆ ಗೊತ್ತಿರಲಿಲ್ಲ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಉಪ್ಪಿನಂಗಡಿಯಿಂದ ಐವತ್ತೇ ಕಿಲೋಮೀಟರು ದೂರದ ಮಂಗಳೂರು ಬಂದರಿನಲ್ಲಿ ಅರಬ್ಬೀ ಕಡಲನ್ನು ದಾಟಿ ಬರುವ ಪತ್ತೆಮಾರಿ ಎಂಬ ಹಾಯಿಹಡಗುಗಳು ನಿಲ್ಲುತ್ತಿದ್ದವು, ಲಕ್ಷದ್ವೀಪಕ್ಕೆ ಮಂಜಿ ಎಂಬ ಹಾಯಿದೋಣಿಗಳು ಹೊರಡುತ್ತಿದ್ದವು. ಅಷ್ಟು ಹತ್ತಿರವಿದ್ದ ವಿದ್ಯೆ ಹೊಳೆ ಹತ್ತಿ ಬರಲಿಲ್ಲ ಎಂದರೆ ಕಾರಣವನ್ನು ಜನರಲ್ಲಲ್ಲ, ಹೊಳೆಯಲ್ಲೇ ಹುಡುಕಬೇಕು.

ಮೇಲ್ನೋಟಕ್ಕೆ ನಮ್ಮ ಹೊಳೆಗಳು ಹಾಯಿಗೆ ಹೇಳಿ ಮಾಡಿಸಿದಂತಿವೆ ಎಂದು ಯಾರಾದರೂ ವಾದಿಸಬಹುದು. ಈಜಿಪ್ಟಿನ ನೈಲ್ ನದಿ ಉತ್ತರಕ್ಕೆ ಹರಿಯುತ್ತದೆ, ಅಲ್ಲಿ ಗಾಳಿ ಹೆಚ್ಚಾಗಿ ಉತ್ತರದಿಂದ ಬೀಸುತ್ತದೆ. ಕೆಳಕ್ಕೆ ಹೋಗಲು ಹರಿವು, ಮೇಲಕ್ಕೆ ಬರಲು ಹಾಯಿ. ನಮ್ಮಲ್ಲೂ ನೀರು ಪಡುವಣಕ್ಕೆ ಹರಿದರೆ ಮುಂಗಾರಿನ ಗಾಳಿ ಪಡುವಣದಿಂದ ಘಟ್ಟದ ಕಡೆಗೆ ಬೀಸುತ್ತದೆ. ಹೋಲಿಕೆ ಚೆನ್ನಾಗಿದೆ, ಆದರೆ ಇಳಿಜಾರಿನ ಲೆಕ್ಕದಲ್ಲಿ ಅದು ನಿಲ್ಲುವುದಿಲ್ಲ. ಅಸ್ವಾನಿನಿಂದ ಕಡಲಿನವರೆಗಿನ ಸಾವಿರಕ್ಕೂ ಹೆಚ್ಚು ಕಿಲೋಮೀಟರಿನಲ್ಲಿ ನೈಲ್ ಇಳಿಯುವುದು ಸುಮಾರು 90 ಮೀಟರು, ಅಂದರೆ ಕಿಲೋಮೀಟರಿಗೆ ಒಂದು ಗೇಣಿಗಿಂತಲೂ ಕಡಿಮೆ. ಕಡಲ ಮಟ್ಟದಿಂದ ಅಳೆದರೆ ನೇತ್ರಾವತಿಯ ಅಪಾಯದ ಮಟ್ಟ ಉಪ್ಪಿನಂಗಡಿಯಲ್ಲಿ 31.5 ಮೀಟರು, ಬಂಟ್ವಾಳದಲ್ಲಿ 8.5 ಮೀಟರು. ನಡುವೆ ಇರುವುದು ಸುಮಾರು 30 ಕಿಲೋಮೀಟರು. ಕಿಲೋಮೀಟರಿಗೆ ಮುಕ್ಕಾಲು ಮೀಟರಿನಷ್ಟು ಇಳಿಜಾರು! ಉಪ್ಪಿನಂಗಡಿಯಿಂದ ಮೇಲೆ, ಕಡಬದಾಚೆ ಸುಬ್ರಹ್ಮಣ್ಯದ ಕಡೆಗೆ, ಕುಮಾರಧಾರೆ ಇನ್ನೂ ಕಡಿದಾಗುತ್ತದೆ.

ಇಳಿಜಾರು ಒಂದೇ ಆಗಿದ್ದರೆ ದೊಡ್ಡ ಹಾಯಿ ಬಿಚ್ಚಿ ಗೆಲ್ಲಬಹುದಿತ್ತೇನೋ. ನಿಜವಾದ ತೊಡಕು ಗಾಳಿಯದು. ಮರಗಳ ಸಾಲೊಂದು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗಾದರೂ ಗಾಳಿಯನ್ನು ಮಂಕುಗೊಳಿಸುತ್ತದೆ. ಹದಿನೈದು ಮೀಟರು ಎತ್ತರದ ಅಡಿಕೆ ತೋಟ ದಡದಲ್ಲಿದ್ದರೆ ನೂರೈವತ್ತು ಮೀಟರಿನವರೆಗೂ ಅದರ ನೆರಳು. ನಮ್ಮ ಹೊಳೆಯ ಅಗಲವೆಲ್ಲ ಅದರೊಳಗೇ ಮುಗಿಯಿತು. ಹಾಯಿಯ ಮೇಲಿನ ಒತ್ತಡ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ವೇಗ ಮೂರರಲ್ಲಿ ಒಂದಾದರೆ ಒತ್ತಡ ಒಂಬತ್ತರಲ್ಲಿ ಒಂದಾಗುತ್ತದೆ. ಹೊಳೆ ಗಾಳಿಯ ದಿಕ್ಕಿಗೆ ನೇರವಾಗಿ ತಿರುಗಿದಲ್ಲಿ ಮಾತ್ರ ಜೋರು ಬೀಸು ಸಿಗುತ್ತದೆ, ಅದೂ ಮಳೆಯೊಂದಿಗೆ ಬಿಟ್ಟು ಬಿಟ್ಟು ಬರುವ ಬೀಸು. ಅಡಿಹಲಗೆಯ ಆಳವಿಲ್ಲದ ದೋಣಿಯನ್ನು ಅದು ಮಗುಚಿ ಹಾಕುತ್ತದೆ. ಬೇಸಗೆಯಲ್ಲಿ ಹಾಯಿ ಕಟ್ಟಬಹುದಲ್ಲ ಎಂದರೆ, ವರ್ಷದ ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದುಹೋಗುವ ಸೀಮೆ ಇದು. ಮಾರ್ಚ್ ಹೊತ್ತಿಗೆ ಹೊಳೆಯಲ್ಲಿ ಉಳಿಯುವುದು ಬಂಡೆಗಳ ನಡುವಿನ ಗುಂಡಿಗಳು. ದೋಣಿ ಬೇಕಾದಾಗ ಗಾಳಿಯನ್ನು ನಂಬುವಂತಿಲ್ಲ, ಗಾಳಿ ಹದವಾಗಿದ್ದಾಗ ದೋಣಿಗೆ ನೀರಿಲ್ಲ.

ಹಾಗಾದರೆ ಕಡವಿನವರು ತೋಳಬಲದಿಂದಲೇ ಹೊಳೆ ದಾಟಿಸಿದರೇ? ಇಲ್ಲ, ಇದನ್ನು ಒತ್ತಿ ಹೇಳಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಸೆಕೆಂಡಿಗೆ ಒಂದು ಮೀಟರು ಹರಿಯುವ ನೀರಿಗೆ ಗಂಟೆಗೆ ನೂರು ಕಿಲೋಮೀಟರಿನ ಬಿರುಗಾಳಿಯಷ್ಟು ಒತ್ತಡವಿದೆ. ಅಂಥ ಶಕ್ತಿ ಕಾಲಡಿಯಲ್ಲೇ ಇರುವಾಗ ಮೇಲೆ ಬಟ್ಟೆ ಕಟ್ಟುವುದೇಕೆ? ದೋಣಿಯವನು ಎದುರು ದಡಕ್ಕೆ ನೇರ ಗುರಿಯಿಡುತ್ತಿರಲಿಲ್ಲ. ಮೊದಲು ದಡದ ಮಗ್ಗುಲಲ್ಲಿ, ಹರಿವು ಮೆತ್ತಗಿರುವಲ್ಲಿ, ಗಳ ಊರುತ್ತ ಸಾಕಷ್ಟು ಮೇಲಕ್ಕೆ ಹೋಗುತ್ತಿದ್ದ. ಅಲ್ಲಿಂದ ಮೂತಿಯನ್ನು ಹರಿವಿಗೆ ತುಸು ಓರೆಯಾಗಿ ಎದುರು ಹಿಡಿದು ನಡುನೀರಿಗೆ ಬಿಡುತ್ತಿದ್ದ. ಹುಟ್ಟಿನ ಕೆಲಸ ದೋಣಿ ಕೆಳಕ್ಕೆ ಜಾರದಂತೆ ತಡೆಯುವುದು. ಅಡ್ಡಕ್ಕೆ ತಳ್ಳುತ್ತಿದ್ದದ್ದು ಓರೆಯಾದ ಮೈಗೆ ಬಡಿಯುವ ಪ್ರವಾಹವೇ. ಓರೆ ಹೆಚ್ಚಾದರೆ ದೋಣಿ ಕೊಚ್ಚಿಹೋಗುತ್ತದೆ, ಕಡಿಮೆಯಾದರೆ ನಿಂತಲ್ಲೇ ನಿಲ್ಲುತ್ತದೆ. ಹಾಯಿಗಾರ ಬಟ್ಟೆಯ ಓರೆಯನ್ನು ಹೀಗೆಯೇ ಹದ ಮಾಡುತ್ತಾನೆ. ಹಾಯಿ ಬೀಸುವ ಗಾಳಿಯಲ್ಲಿದ್ದು ಕೆಳಗಿನ ನೀರಿನ ಆಸರೆ ಪಡೆಯುತ್ತದೆ. ಕಡವಿನ ದೋಣಿ ಹರಿಯುವ ನೀರಿನಲ್ಲಿದ್ದು ಹುಟ್ಟಿನ, ಇಲ್ಲವೇ ನೆಲಕ್ಕೂರಿದ ಗಳದ ಆಸರೆ ಪಡೆಯುತ್ತದೆ. ನಮ್ಮ ಹೊಳೆಗಳಲ್ಲಿ ದೋಣಿಯ ಮೈಯೇ ಹಾಯಿ.

ಇಷ್ಟೆಲ್ಲ ಇದ್ದರೂ ಕಡವು ಸುರಕ್ಷಿತವಾಗಿತ್ತು ಎಂದು ಹೇಳಲಾಗದು. ಬೊಳ್ಳ, ಅಂದರೆ ನೆರೆ, ಬಂದ ದಿನ ಎಂಥ ನುರಿತವನೂ ದೋಣಿ ಇಳಿಸುವಂತಿರಲಿಲ್ಲ, ಶಾಲೆ, ಆಸ್ಪತ್ರೆ ಎಲ್ಲವೂ ಆಚೆ ದಡದಲ್ಲೇ ಉಳಿಯುತ್ತಿದ್ದವು. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಮುಂದೆ ಅವರ ಸೇತುವೆಗಳು ನೂರು ದಾಟಿದವು. ಅದು ಬೇಕಾಗಿತ್ತು, ಕಡವು ಮುಚ್ಚಿದ್ದಕ್ಕೆ ಕೊರಗಬೇಕಿಲ್ಲ. ಆದರೆ ಯಾವ ಬಂಡೆ ಎಷ್ಟು ಮುಳುಗಿದರೆ ದೋಣಿಯನ್ನು ಎಲ್ಲಿಂದ ಬಿಡಬೇಕು ಎಂಬ ಲೆಕ್ಕ ಯಾವ ಕಡತದಲ್ಲೂ ಸಿಗುವಂಥದ್ದಲ್ಲ, ಅದು ಹುಟ್ಟು ಹಿಡಿದವರ ನೆನಪಿನಲ್ಲಿದೆ. ನಿಮ್ಮೂರಿನ ಹಳೆಯ ಕಡವಿನಲ್ಲಿ ದೋಣಿ ನಡೆಸಿದ ಅಜ್ಜಂದಿರು ಈಗಲೂ ಇದ್ದರೆ, ಈ ಮಳೆಗಾಲದಲ್ಲೇ ಅವರನ್ನು ಹೊಳೆಬದಿಗೆ ಕರೆದುಕೊಂಡು ಹೋಗಿ, ಆ ಬಂಡೆಗಳ ಹೆಸರು ಕೇಳಿ ಬರೆದಿಡಿ.