ಇದ್ದಿಲಿನ ಲಾರಿ ಮತ್ತು ಶಾಂತಿ ರೋಡಿನ ಮನೆ

ಕರಾವಳಿ ಬಿಟ್ಟು ತಿಪಟೂರು ಸೀಮೆಗೆ ಬಂದು ಮದ್ರಸದಲ್ಲಿ ಕಲಿಸುತ್ತಿರುವ ನಮಗೆ ಒಂದು ತಪ್ಪು ಇನ್ನೂ ಚುಚ್ಚುತ್ತದೆ. ಮಾರುಕಟ್ಟೆಯಲ್ಲಿ ಕೊಬ್ಬರಿ ಚೀಲ ಹೊರುವವರೊಬ್ಬರ ಮಗ, ಸುಣ್ಣ ಬಳಿದ ನಮ್ಮ ಕಾಂಪೌಂಡ್ ಗೋಡೆ ಮೇಲೆ ಇದ್ದಿಲಿನಿಂದ ಲಾರಿ ಬರೆದಿದ್ದ. ಭಾರಕ್ಕೆ ಹಿಂದಿನ ಟಯರು ತಗ್ಗಿದ್ದೂ ಕಾಣುತ್ತಿತ್ತು. ಚೆನ್ನಾಗಿದೆ ಅಂತ ಮನಸ್ಸು ಹೇಳಿತು, ಬಾಯಿ ಬೈದುಬಿಟ್ಟಿತು. ಅವನ ಕೈಯಲ್ಲೇ ಗೋಡೆ ಒರೆಸಿಸಿದೆವು. ಆಮೇಲೆ ಅವನು ನಮ್ಮೆದುರು ಚಿತ್ರ ಬರೆಯಲೇ ಇಲ್ಲ.

ಇದು ನೆನಪಾದದ್ದು ಬೆಂಗಳೂರಿನ ಶಾಂತಿನಗರದಲ್ಲಿ, '1 ಶಾಂತಿ ರೋಡ್' ಎಂಬ ಗ್ಯಾಲರಿ ನೋಡಲು ಹೋದಾಗ. ಮನೆಯ ವಿಳಾಸವೇ ಅದರ ಹೆಸರು. ಕಲಾವಿದ, ಕಲಾ ಇತಿಹಾಸಕಾರ ಸುರೇಶ್ ಜಯರಾಂ 2003ರಲ್ಲಿ ಶುರು ಮಾಡಿದ್ದು. ಅಂಗಳದ ಬಾದಾಮಿ ಮರ ಕಡಿಯದೆ, ಅದನ್ನು ನಡುವೆ ಇಟ್ಟುಕೊಂಡೇ ಕಟ್ಟಡ ಕಟ್ಟಿಸಿದ್ದಾರೆ. ಇದು ಸರ್ಕಾರದ್ದಲ್ಲ, ಕಲಾವಿದರೇ ನಡೆಸುವ ಜಾಗ. ಹೆಸರು ಮಾಡದ ಹುಡುಗ ಹುಡುಗಿಯರೂ ಇಲ್ಲಿ ಪ್ರದರ್ಶನ ಇಡಬಹುದು. ದೂರದಿಂದ ಬಂದವರು ಕೆಲವು ವಾರ ಅಲ್ಲೇ ಉಳಿದು ಕೆಲಸ ಮಾಡಬಹುದು.

ಬೀದಿಯನ್ನೇ ಗ್ಯಾಲರಿ ಮಾಡಿಕೊಂಡವರೂ ಇದ್ದಾರೆ. ಮೈಸೂರಿನ ಕಾವಾ ಕಾಲೇಜಿನಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಮೆ ಇಟ್ಟರು. 2019ರಲ್ಲಿ ಹೇರೋಹಳ್ಳಿ ಕಡೆಯ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿ ವೇಷದವರನ್ನು ನಡೆಸಿ ವಿಡಿಯೋ ಮಾಡಿದರು, ನೋಡಿದರೆ ಚಂದ್ರನ ನೆಲವೇ! ಎರಡೂ ಸಲ ಗುಂಡಿ ಮುಚ್ಚುವವರು ಓಡಿ ಬಂದರು. ಅರ್ಜಿ ಮಾಡದ ಕೆಲಸ ಚಿತ್ರ ಮಾಡಿತು. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ನಡೆಸುವ ಚಿತ್ರಸಂತೆಯೂ ಹಾಗೇ. ಫುಟ್‌ಪಾತಲ್ಲೇ ಕೂತು ಚಿತ್ರ ಮಾರುತ್ತಾರೆ, ನೂರಿನ್ನೂರು ರೂಪಾಯಿಗೂ ಸಿಗುತ್ತದೆ.

ಜೀವಿಗಳ ಚಿತ್ರದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಎಚ್ಚರ ಇದೆ, ಇರಲಿ. ಆದರೆ ಮರ, ಲಾರಿ, ಅಕ್ಷರ, ಬಳ್ಳಿ ಬರೆಯುವ ಮಗುವಿನ ಕೈ ಹಿಡಿದು ನಿಲ್ಲಿಸುವುದು ಯಾಕೆ? ಖುರ್‌ಆನಿನ ಅಕ್ಷರಗಳನ್ನು ಅಷ್ಟು ಚೆಂದ ಮಾಡಿದ್ದೂ ಬರೆಯುವ ಕೈಗಳೇ ಅಲ್ವಾ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಕಾಯುವುದನ್ನು ಯಾರೂ ಕಲಿಸಬೇಕಿಲ್ಲ. ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೇ ನೀರು ಇಂಗಿ ಉಂಡೆ ಕೊಬ್ಬರಿ ಆಗುವುದು. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಆತುರ ಬೀಳುತ್ತೇವೆ. ಕೊಬ್ಬರಿ ಹೋದ ಮೇಲೆ ಖಾಲಿ ಬಿದ್ದ ಶೆಡ್ಡಿನ ಗೋಡೆ, ಮದುವೆಯಿಲ್ಲದ ದಿನ ಶಾದಿಮಹಲಿನ ಗೋಡೆ ಮಕ್ಕಳಿಗೆ ಕೊಟ್ಟರೆ ಖರ್ಚೇನು? ಆಸಕ್ತಿ ಇದ್ದವರು ಪಿಯುಸಿ ಮುಗಿಸಿ ಕಾವಾಕ್ಕೋ ಪರಿಷತ್ತಿನ ಕಾಲೇಜಿಗೋ ಸೇರಬಹುದು ಅಂತ ತಂದೆತಾಯಿಗೆ ಗೊತ್ತಿದ್ದರೂ ಸಾಕು.

ಊರಿಗೆ ಬಂದವರೇ ಆ ಹುಡುಗನ ಮನೆಗೆ ಹೋದೆವು. ಈಗ ಹತ್ತನೇ ಕ್ಲಾಸು. "ಹಿಂದಿನ ಗೋಡೆ ನಿನಗೆ, ಬರಿ" ಅಂದೆವು.

"ಒರೆಸಲ್ಲ ಅಲ್ವಾ ಉಸ್ತಾದ್?" ಅಂತ ಕೇಳಿದ.

ತಲೆ ತಗ್ಗಿಸಿ "ಇಲ್ಲಪ್ಪ" ಅಂದೆವು. ಅವನ ತಂದೆ ಮಂಗಳೂರಿನ ಅಂಗಡಿಯಲ್ಲಿ ಕೆಲಸಕ್ಕೆ ಹೇಳಿಟ್ಟಿದ್ದಾರೆ. ಎರಡು ವರ್ಷ ಓದಲಿ ಅಂತ ಅವರನ್ನು ಒಪ್ಪಿಸುವ ಕೆಲಸ ಇನ್ನೂ ಬಾಕಿ ಇದೆ.