ಟಯರಿನ ಕಪ್ಪು, ಪಾಲಿಶಿನ ಹೊಳಪು

ಜೂನ್ ತಿಂಗಳ ಮೊದಲ ಮಳೆ ಹೊಯ್ಯುತ್ತಿರುವಾಗ ಬಂಟ್ವಾಳದ ಬಿ. ಸಿ. ರೋಡಿನಲ್ಲಿ ನಿಂತು, ಹಾದುಹೋಗುವ ಕಾರುಗಳನ್ನು ನೋಡಿರಿ. ಏಳೆಂಟು ವರ್ಷ ಬಿಸಿಲುಂಡು ಬೂದಿಯ ಬಣ್ಣಕ್ಕೆ ತಿರುಗಿದ ಬಂಪರುಗಳೂ ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿಗಳೂ ಅಂದು ಹೊಸ ಕಾರಿನವುಗಳಂತೆ ಕಡುಗಪ್ಪಾಗಿ ಕಾಣುತ್ತವೆ. ಮಳೆ ನಿಂತು ಅರ್ಧ ಗಂಟೆ ಬಿಸಿಲು ಬಿದ್ದರೆ ಸಾಕು, ಮತ್ತೆ ಅದೇ ಬೂದಿ. ನೀರಿನಲ್ಲಿ ಕಪ್ಪು ಬಣ್ಣವೇನೂ ಇಲ್ಲ. ಹಾಗಾದರೆ ಆ ಕಪ್ಪು ಬಂದುದೆಲ್ಲಿಂದ, ಹೋದುದೆಲ್ಲಿಗೆ? ಇದಕ್ಕೆ ಉತ್ತರ ತಿಳಿದರೆ, ಅಂಗಡಿಯಲ್ಲಿ ಮಾರುವ ಟಯರು ಪಾಲಿಶು ಏನು ಮಾಡಬಲ್ಲುದು, ಏನು ಮಾಡಲಾರದು ಎಂಬುದೂ ತಿಳಿಯುತ್ತದೆ.

ಒಂದು ವಸ್ತು ಕಪ್ಪಾಗಿ ಕಾಣುವುದು, ತನ್ನ ಮೇಲೆ ಬಿದ್ದ ಬೆಳಕನ್ನು ಅದು ನುಂಗಿ ಕಣ್ಣಿಗೆ ಹಿಂದಿರುಗಿಸದಿರುವುದರಿಂದ. ಆದರೆ ಎಷ್ಟೇ ಕಪ್ಪಾದ ಪ್ಲಾಸ್ಟಿಕ್ಕೂ ಬೆಳಕನ್ನು ಪೂರ್ತಿ ನುಂಗುವುದಿಲ್ಲ. ಗಾಳಿಯಿಂದ ಪ್ಲಾಸ್ಟಿಕ್ಕಿನೊಳಕ್ಕೆ ಹೊಗುವ ಗಡಿಯಲ್ಲಿಯೇ ನೂರರಲ್ಲಿ ಸುಮಾರು 4 ಪಾಲು ಬೆಳಕು ಪ್ರತಿಫಲಿಸಿಬಿಡುತ್ತದೆ. ಮೈ ನಯವಾಗಿದ್ದರೆ ಆ ನಾಲ್ಕು ಪಾಲೂ ಒಂದೇ ದಿಕ್ಕಿಗೆ ಹೋಗುತ್ತದೆ. ಅದನ್ನೇ ನಾವು ಹೊಳಪೆನ್ನುತ್ತೇವೆ. ಮೈ ಒರಟಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳೂ ಬಿರುಕುಗಳೂ ಅದರಲ್ಲಿದ್ದರೆ ಬೆಳಕು ಎಲ್ಲ ದಿಕ್ಕಿಗೂ ಚೆದರುತ್ತದೆ. ನೀವು ಎಲ್ಲಿ ನಿಂತರೂ ಅದರ ಒಂದಂಶ ನಿಮ್ಮ ಕಣ್ಣಿಗೆ ಬಂದು, ಕಪ್ಪಿನ ಮೇಲೆ ಬಿಳಿಯ ತೆರೆಯನ್ನು ಹಾಸಿದಂತೆ ಕಾಣುತ್ತದೆ. ಹಳೆಯ ಬಂಪರಿನ ಬೂದಿ ಬಣ್ಣ ಬಹುಮಟ್ಟಿಗೆ ಈ ತೆರೆಯೇ.

ಈಗ ಆ ಗುಳಿಗಳಲ್ಲಿ ನೀರು ತುಂಬಲಿ. ಗಾಳಿಯ ವಕ್ರೀಭವನ ಸೂಚ್ಯಂಕ 1, ಬಂಪರಿನ ಪಾಲಿಪ್ರೊಪಿಲೀನಿನದು ಸುಮಾರು 1.49, ನೀರಿನದು 1.33. ಎರಡು ವಸ್ತುಗಳ ಸೂಚ್ಯಂಕಗಳು ಹತ್ತಿರವಾದಷ್ಟೂ ಅವುಗಳ ಗಡಿಯಲ್ಲಿ ಪ್ರತಿಫಲನ ಕಡಮೆ. ಸೂಚ್ಯಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ, ಬಂದುದನ್ನು ವರ್ಗ ಮಾಡಿ ನೋಡಿರಿ: ನೂರಕ್ಕೆ 4 ಇದ್ದುದು 0.3 ಕ್ಕೆ ಇಳಿಯುತ್ತದೆ. ನೀರಿಗೆ ಬದಲಾಗಿ 1.40 ಸೂಚ್ಯಂಕದ ಸಿಲಿಕೋನ್ ಎಣ್ಣೆ ತುಂಬಿದರೆ ಅದು ಕೇವಲ 0.1. ವೇಣೂರಿನಲ್ಲಿ 1604 ರಲ್ಲಿ ನಿಲ್ಲಿಸಿದ ಗೋಮಟನ ಕಲ್ಲು ಮಳೆಗೆ ಕಪ್ಪೇರುವುದೂ, ಎಣ್ಣೆ ಸವರಿದ ಶಿಲಾಮೂರ್ತಿ ಗರ್ಭಗುಡಿಯಲ್ಲಿ ಮಿರುಗುವುದೂ ಇದೇ ನಿಯಮದಿಂದ. ಪಾಲಿಶಿನ ಮರ್ಮವೂ ಇಷ್ಟೆ. ಅದು ಬೇಗ ಆರದ ನೀರು. ಆದುದರಿಂದ ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಮಾಡಬಹುದು: ಮಾಸಿದ ಪಟ್ಟಿಯನ್ನು ತೊಳೆದು ಒದ್ದೆ ಮಾಡಿ ನೋಡಿರಿ. ಒದ್ದೆಯಾದಾಗಲೂ ಕಪ್ಪಾಗದ ಪ್ಲಾಸ್ಟಿಕ್ಕಿಗೆ ಯಾವ ಸೀಸೆಯೂ ಹೆಚ್ಚಿನ ಉಪಕಾರವನ್ನು ಮಾಡಲಾರದು.

ಗುಳಿಗಳು ಬೀಳುವುದಾದರೂ ಏಕೆ? ನಮ್ಮ ತಾಲೂಕುಗಳು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ 25 ರ ಸುಮಾರಿಗೆ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೆಯೇ ಇರುತ್ತಾನೆ. ಅವನ ನೇರಳಾತೀತ ಕಿರಣಗಳು ಪಾಲಿಪ್ರೊಪಿಲೀನಿನ ಉದ್ದನೆಯ ಅಣುಸರಪಳಿಗಳನ್ನು ಕಡಿಯುತ್ತವೆ, ಕಡಿದ ತುದಿಗಳಿಗೆ ಆಮ್ಲಜನಕ ಅಂಟುತ್ತದೆ. ತುಂಡುಗಳು ಮಳೆಗೆ ಕೊಚ್ಚಿಹೋಗಿ, ಪ್ಲಾಸ್ಟಿಕ್ಕಿನೊಳಗೆ ಬೆರೆಸಿದ್ದ ಖನಿಜದ ಹುಡಿ ಹೊರಬೀಳುತ್ತದೆ. ಬೆರಳಿನಿಂದ ಉಜ್ಜಿದರೆ ಅದೇ ಬೆಳ್ಳಗೆ ಅಂಟುವುದು. ಕಾರನ್ನು ಹಲಸಿನ ಮರದ ನೆರಳಿನಲ್ಲಿ ನಿಲ್ಲಿಸಿದರೆ ಪ್ರಯೋಜನವುಂಟು, ಪೂರ್ತಿ ರಕ್ಷೆಯಿಲ್ಲ; ನೇರಳಾತೀತದ ಗಣನೀಯ ಭಾಗ ನೀಲಿ ಆಕಾಶದಿಂದಲೇ ಚೆದರಿ ಬರುತ್ತದೆ.

ಟಯರಿನ ಕತೆ ಬೇರೆ. ಬೆಳ್ತಂಗಡಿ ತಾಲೂಕಿನ ರಬ್ಬರು ತೋಟಗಳನ್ನು ನೋಡಿದವರಿಗೆ ಗೊತ್ತು, ಮರದಿಂದ ಇಳಿಯುವ ಹಾಲು ಬಿಳಿ, ಹೊಗೆಯಲ್ಲಿ ಒಣಗಿಸಿದ ಹಾಳೆ ಜೇನಿನ ಬಣ್ಣದ್ದು. ರಬ್ಬರಿನಲ್ಲಿ ಕಪ್ಪಿಲ್ಲ. 1839 ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಮಾಡುವ ವಿಧಾನವನ್ನು ಕಂಡುಹಿಡಿದ ಮೇಲೆಯೂ ಬಹುಕಾಲ ಟಯರುಗಳು ಬಿಳಿಚಿಕೊಂಡೇ ಇದ್ದವು. 1910 ರ ದಶಕದಿಂದೀಚೆಗೆ ಇಂಗಾಲದ ಮಸಿ, ಎಂದರೆ ದೀಪದ ಕಾಡಿಗೆಯ ಹತ್ತಿರದ ನಂಟ, ಬೆರೆಯತೊಡಗಿತು. ಟಯರಿನ ತೂಕದ ಸುಮಾರು ಐದರಲ್ಲೊಂದು ಪಾಲು ಈ ಮಸಿಯೇ. ಅದು ರಬ್ಬರಿಗೆ ಸವೆತ ತಾಳುವ ಬಲ ಕೊಡುತ್ತದೆ. ನೇರಳಾತೀತವನ್ನು ನುಂಗಿ ಶಾಖವಾಗಿ ಮಾರ್ಪಡಿಸುತ್ತದೆ. ಉಳಿದ ಶತ್ರು ಗಾಳಿಯಲ್ಲಿ ಅತ್ಯಲ್ಪವಾಗಿರುವ ಓಜೋನ್. ಹಿಗ್ಗಿದ ರಬ್ಬರನ್ನು ಅದು ಸೀಳುತ್ತದೆ. ಅದನ್ನು ತಡೆಯಲು ತಯಾರಕರು ಮೇಣವನ್ನೂ ಓಜೋನ್ ನಿರೋಧಕ ದ್ರವ್ಯಗಳನ್ನೂ ರಬ್ಬರಿನೊಳಗೇ ಸೇರಿಸಿರುತ್ತಾರೆ. ಚಕ್ರ ಉರುಳಿ ಮಡಿಸಿ ಹಿಗ್ಗಿದಂತೆಲ್ಲ ಇವು ನಿಧಾನವಾಗಿ ಮೈಗೆ ಬರುತ್ತವೆ. ಟಯರಿನ ಪಕ್ಕೆಯಲ್ಲಿ ಕಾಣುವ ಕಂದು ಛಾಯೆಯನ್ನು ನಾವು ಕೊಳೆಯೆಂದು ತಿಕ್ಕುತ್ತೇವೆ. ಅನೇಕ ವೇಳೆ ಅದು ಈ ಔಷಧವೇ.

ಪಾಲಿಶಿನ ಆಯ್ಕೆಯಲ್ಲಿ ಗಮನಿಸತಕ್ಕದ್ದು ಇದನ್ನೇ. ಅಂಗಡಿಯಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಹಾಲಿನಂತೆ ಬೆಳ್ಳಗಿರುವುದು. ನೀರಿನಲ್ಲಿ ಸಿಲಿಕೋನ್ ಎಣ್ಣೆಯ ಸೂಕ್ಷ್ಮ ಹನಿಗಳು ತೇಲುತ್ತಿರುತ್ತವೆ. ಇನ್ನೊಂದು ತಿಳಿಯಾಗಿ, ಸೀಮೆಎಣ್ಣೆಯ ಜಾತಿಯ ವಾಸನೆಯುಳ್ಳದ್ದು. ಎಣ್ಣೆಯನ್ನು ಪೆಟ್ರೋಲಿಯಮ್ ದ್ರಾವಕದಲ್ಲಿ ಕರಗಿಸಿದ್ದು. ಎರಡನೆಯದು ಹೆಚ್ಚು ಹೊಳೆಯುತ್ತದೆ, ಹೆಚ್ಚು ದಿನ ನಿಲ್ಲುತ್ತದೆ. ಒಂದೇ ಅಳತೆಯ ಎರಡು ರಬ್ಬರ್ ಬ್ಯಾಂಡುಗಳಲ್ಲಿ ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ಇಡಿರಿ. ನೀರಿನದು ಇದ್ದಂತೆಯೇ ಇರುತ್ತದೆ. ಸೀಮೆಎಣ್ಣೆಯದು ಉಬ್ಬಿ, ಉದ್ದವಾಗಿ, ಎಳೆದರೆ ಸುಲಭವಾಗಿ ಹರಿಯುತ್ತದೆ. ಪಾಲಿಶಿನ ದ್ರಾವಕ ಬೇಗ ಆವಿಯಾಗುವುದರಿಂದ ಅಷ್ಟು ಹಾನಿ ಮಾಡದು ನಿಜ. ಆದರೆ ಹೊರಬಂದ ಮೇಣವನ್ನು ಪ್ರತಿ ಭಾನುವಾರ ಕರಗಿಸಿ ಒರೆಸುವುದರಲ್ಲಿ ಅರ್ಥವಿಲ್ಲ. ನನ್ನ ಮತ ಹಾಲಿನಂಥದಕ್ಕೇ. ಡೀಸೆಲನ್ನೋ ಎಂಜಿನಿನಿಂದ ತೆಗೆದ ಹಳೆಯ ಎಣ್ಣೆಯನ್ನೋ ಬಳಿಯುವುದಂತೂ ಟಯರಿಗೆ ಶುದ್ಧ ದ್ರೋಹ. ತೆಂಗಿನೆಣ್ಣೆ ಬಂಪರನ್ನು ಒಂದು ದಿನ ಕಪ್ಪಾಗಿಸಿ, ಮರುದಿನ ಮುರಕಲ್ಲಿನ ಕೆಂಪು ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಸೀಸೆಯ ಮೇಲೆ ಬಿಸಿಲಿನಿಂದ ರಕ್ಷಣೆಯೆಂದು ಬರೆದಿದ್ದರೂ ಬಹಳ ನೆಚ್ಚಬೇಡಿರಿ. ಸಿಲಿಕೋನ್ ಎಣ್ಣೆ ನೇರಳಾತೀತಕ್ಕೆ ಬಹುಮಟ್ಟಿಗೆ ಪಾರದರ್ಶಕ. ಬೇರೆ ಹೀರುವ ದ್ರವ್ಯ ಬೆರೆಸಿದ್ದರೂ ಅಷ್ಟು ತೆಳುವಾದ ಪದರ ಎಷ್ಟನ್ನು ಹೀರೀತು?

ಹಚ್ಚುವ ಕ್ರಮ ಸರಳ. ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬಟ್ಟೆಗೆ ನಾಲ್ಕು ಹನಿ ಹಾಕಿಕೊಂಡು ತೆಳ್ಳಗೆ ಸವರಿ, ಸ್ವಲ್ಪ ಹೊತ್ತಿನ ಮೇಲೆ ಮಿಕ್ಕಿದ್ದನ್ನು ಒರೆಸಿ ತೆಗೆಯಬೇಕು. ದಪ್ಪಗೆ ಬಳಿದರೇನಾಗುವುದು? ಚಕ್ರದ ತ್ರಿಜ್ಯ 0.3 ಮೀಟರ್, ವೇಗ ಗಂಟೆಗೆ 60 ಕಿಲೋಮೀಟರ್ ಎಂದಿಟ್ಟುಕೊಂಡರೆ ಟಯರಿನ ಅಂಚಿನಲ್ಲಿ ಕೇಂದ್ರಾಭಿಮುಖ ವೇಗೋತ್ಕರ್ಷ ಗುರುತ್ವದ 90 ಪಾಲಿಗೂ ಮಿಗಿಲು. ಅಷ್ಟನ್ನು ಒದಗಿಸುವ ಹಿಡಿತ ಎಣ್ಣೆಯ ಹನಿಗೆಲ್ಲಿದೆ? ಅದು ಸಿಡಿದು ಕಾರಿನ ಮೈಗೆ ಚುಕ್ಕೆಯಾಗುತ್ತದೆ. ಇನ್ನು ಆಟಿ ತಿಂಗಳಿನಲ್ಲಿ ಬಂಪರಿಗೆ ಹಚ್ಚುವ ಕೆಲಸವೇ ಬೇಡ. ಮಳೆ ಅದನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ನೆಲಕ್ಕೆ ತಾಗುವ ಮುಖಕ್ಕೆ ಮಾತ್ರ ಎಂದೂ ಹಚ್ಚಬಾರದು. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಘರ್ಷಣೆಯ ಪಾಠ ಹೇಳುವವನೇ ಆದರೂ, ಒಮ್ಮೆ ನನ್ನ ಸ್ಕೂಟರಿನ ಚಕ್ರಗಳಿಗೆ ಪಿಚಕಾರಿಯಿಂದ ಧಾರಾಳವಾಗಿ ಎರಚಿ, ಮೂಡುಬಿದಿರೆಯ ಪೇಟೆಗೆ ಹೊರಟೆ. ಮೊದಲನೆಯ ತಿರುವಿನಲ್ಲಿಯೇ ಹಿಂದಿನ ಚಕ್ರ ಜಾರಿತು. ಮೊಣಕಾಲು ತರಚಿದ್ದಕ್ಕಿಂತ, ಆ ಹೊತ್ತಿಗೆ ಹಿಂದೆ ಬಸ್ಸು ಇರಲಿಲ್ಲವೆಂಬುದೇ ಹೆಚ್ಚು ನೆನಪಿನಲ್ಲುಳಿದಿದೆ. ಬ್ರೇಕಿನ ತಟ್ಟೆಗೆ ಎಣ್ಣೆ ಸಿಡಿದರೆ ಅಪಾಯ ಇನ್ನೂ ದೊಡ್ಡದು. ಆದುದರಿಂದ ನೇರವಾಗಿ ಎರಚದೆ, ಬಟ್ಟೆಯಿಂದ ಪಕ್ಕೆಗೆ ಮಾತ್ರ ಸವರಬೇಕು. ದ್ವಿಚಕ್ರ ವಾಹನ ತಿರುವಿನಲ್ಲಿ ವಾಲುವಾಗ ಟಯರಿನ ಅಂಚೂ ನೆಲವನ್ನು ಮುಟ್ಟುವುದರಿಂದ ಅದಕ್ಕೆ ಪಾಲಿಶೇ ಬೇಡ.

ಹೊಳಪು ಇನ್ನೊಂದು ರೀತಿಯಲ್ಲಿಯೂ ಮೋಸಗೊಳಿಸಬಹುದು. 2023 ರಲ್ಲಿ ಬೆಳ್ತಂಗಡಿಯ ಮಿತ್ರರೊಬ್ಬರು ಹಳೆಯ ಕಾರೊಂದನ್ನು ಕೊಳ್ಳುವವರಿದ್ದರು. ವಾರಕ್ಕೆರಡು ಬಾರಿ ಚಾರ್ಮಾಡಿ ಘಾಟಿ ಹತ್ತಬೇಕಾದವರು. ಟಯರುಗಳು ಕನ್ನಡಿಯಂತಿದ್ದವು. ಸಾಬೂನು ನೀರಿನ ಬಟ್ಟೆಯಿಂದ ಒಂದರ ಪಕ್ಕೆಯನ್ನು ಒರೆಸಿದಾಗ, ಎಣ್ಣೆಯ ಕೆಳಗಿದ್ದ ಕೂದಲೆಳೆಯ ಬಿರುಕುಗಳು ಕಂಡುವು. ಪಕ್ಕೆಯಲ್ಲಿ ಅಚ್ಚೊತ್ತಿದ ಅಂಕೆಗಳ ಸಾಲಿನ ಕೊನೆಗೆ ನಾಲ್ಕು ಅಂಕೆಗಳ ಗುಂಪೊಂದಿರುತ್ತದೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅಲ್ಲಿದ್ದುದು 2214, ಎಂದರೆ 2014 ನೆಯ ಇಸವಿಯ 22 ನೆಯ ವಾರ. ಹತ್ತು ವರ್ಷವಾದ ಟಯರನ್ನು ಸವೆಯದಿದ್ದರೂ ತೆಗೆದುಬಿಡಿರೆಂದು ಕೆಲವು ತಯಾರಕರೇ ಹೇಳುತ್ತಾರೆ, ಇದಕ್ಕೆ ಒಂಬತ್ತಾಗಿತ್ತು. ಮಿತ್ರರು ಕಾರನ್ನೇನೋ ಕೊಂಡರು. ಆದರೆ ನಾಲ್ಕು ಹೊಸ ಟಯರುಗಳ ಬೆಲೆಯನ್ನು ಕಳೆದು ಉಳಿದ ಹಣವನ್ನಷ್ಟೇ ಕೊಟ್ಟರು.