ಗುಂಡಗಿದ್ದವೆಲ್ಲ ಒಂದೇ ಕುಲವಲ್ಲ

ಮುಂಗಾರು ಹಿಡಿದ ಮೇಲೆ ಬೆಂಗಳೂರಿನ ವಿಜಯನಗರದಲ್ಲೋ ರಾಜಾಜಿನಗರದಲ್ಲೋ ತಾರಸಿಯ ಹೂಕುಂಡವೊಂದನ್ನು ಪಕ್ಕಕ್ಕೆ ಸರಿಸಿ ನೋಡಿ. ತೇವದಲ್ಲಿ ಸಾಸಿವೆಗಿಂತ ಚಿಕ್ಕ ಜೀವಿಗಳು ಟಪ್ಪನೆ ಸಿಡಿದು ಮಾಯವಾದರೆ ಅವು ಸ್ಪ್ರಿಂಗ್‌ಟೇಲ್‌ಗಳೇ ಇರಬೇಕು. ಹೆಚ್ಚಿನವುಗಳ ಮೈ ಉದ್ದ. ಜ್ಞಾನಭಾರತಿ ಆವರಣದಂಥ ಕಡೆ ಮರದಡಿಯ ತರಗೆಲೆ ಕೆದಕಿದರೆ ಗುಂಡು ಮೈಯವೂ ಸಿಕ್ಕಾವು.

ಆರು ಕಾಲಿದ್ದರೂ ಇವನ್ನು ಈಗ ಕೀಟಗಳ ಸಾಲಿಗೆ ಸೇರಿಸುವುದಿಲ್ಲ. ಬಾಯಿಯ ಅಂಗಗಳು ತಲೆಯೊಳಗೆ ಹುದುಗಿವೆ, ಹೊಟ್ಟೆಗೆ ಆರೇ ಖಂಡ, ರೆಕ್ಕೆಯ ಸುಳಿವೇ ಇಲ್ಲ. ಅದಕ್ಕೇ ಕೊಲೆಂಬೊಲ ಎಂಬ ಪ್ರತ್ಯೇಕ ವರ್ಗ. ಸ್ಕಾಟ್ಲೆಂಡಿನ ರೈನಿ ಶಿಲೆಯಲ್ಲಿ ಸಿಕ್ಕ ಇವುಗಳ ಪಳೆಯುಳಿಕೆಗೆ ಸುಮಾರು 40 ಕೋಟಿ ವರ್ಷ.

1901ರಲ್ಲಿ ಕೀಟಶಾಸ್ತ್ರಜ್ಞ ಕಾರ್ಲ್ ಬೋರ್ನರ್ ಗುಂಡು ಮೈಯವನ್ನೆಲ್ಲ ಸಿಂಫಿಪ್ಲಿಯೋನ ಎಂಬ ಒಂದೇ ಗುಂಪಿಗೆ ಹಾಕಿದರು. 1971ರಲ್ಲಿ ಮಸೂದ್ ಎಂಬ ಸಂಶೋಧಕರು ಅದರಿಂದ ನೀಲಿಪ್ಲಿಯೋನವನ್ನು ಬೇರ್ಪಡಿಸಿದರು. ಕಾರಣ, ಗುಂಡಗಾದ ಬಗೆಯೇ ಬೇರೆ. ಸಿಂಫಿಪ್ಲಿಯೋನದಲ್ಲಿ ಎದೆಯ ಜೊತೆ ಹೊಟ್ಟೆಯ ಮೊದಲ ನಾಲ್ಕು ಖಂಡಗಳು ಬೆಸೆದಿವೆ. ಉಂಡೆಯ ಬಹುಪಾಲು ಹೊಟ್ಟೆಯೇ. ನೀಲಿಪ್ಲಿಯೋನದಲ್ಲಿ ಉಬ್ಬಿರುವುದು ಎದೆ. ಮಣ್ಣೊಳಗೆ ಬದುಕುವ ಇವಕ್ಕೆ ಕಣ್ಣಿಲ್ಲ, ಕುಡಿಮೀಸೆ ತಲೆಗಿಂತ ಮೋಟು, ಮೈ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ.

ಖಂಡಗಳ ಗೆರೆಯೇ ಅಳಿಸಿಹೋದ ಮೇಲೆ ಎಣಿಸುವುದು ಹೇಗೆ? ಕೆಳಗೆ ನೇತಾಡುವ ಅಂಗಗಳಿಂದ. ಹೊಟ್ಟೆಯ ಮೊದಲ ಖಂಡದಲ್ಲಿ ನೀರು ಹೀರುವ, ನೆಲಕ್ಕೆ ಅಂಟಿಕೊಳ್ಳುವ ಕೊಳವೆ; ಮೂರನೆಯದರಲ್ಲಿ ಚಿಕ್ಕ ಕೊಕ್ಕೆ; ನಾಲ್ಕನೆಯದರಲ್ಲಿ ಕವಲೊಡೆದ ಚಿಮ್ಮುಗೋಲು. ಗೋಲು ಮುಂದಕ್ಕೆ ಮಡಚಿ ಕೊಕ್ಕೆಗೆ ಸಿಕ್ಕಿಕೊಂಡಿರುತ್ತದೆ. ಕೊಕ್ಕೆ ಬಿಟ್ಟೊಡನೆ ಅದು ನೆಲಕ್ಕೆ ಬಡಿದು ಪ್ರಾಣಿಯನ್ನು ಎತ್ತಿ ಎಸೆಯುತ್ತದೆ. ಡಿಸಿರ್ಟೊಮಿನ ಮೈನ್ಯೂಟ ಎಂಬ ಗುಂಡು ಪ್ರಭೇದ ಹೀಗೆ ಹಾರುವಾಗ ಸೆಕೆಂಡಿಗೆ 368 ಸುತ್ತಿನ ವೇಗದಲ್ಲಿ ಲಾಗ ಹಾಕುವುದನ್ನು ಅಮೆರಿಕದ ಸಂಶೋಧಕರು ಹೈಸ್ಪೀಡ್ ಕ್ಯಾಮೆರಾದಲ್ಲಿ ಸೆರೆಹಿಡಿದು 2024ರಲ್ಲಿ ಪ್ರಕಟಿಸಿದರು.

ಸಿಂಫಿಪ್ಲಿಯೋನದೊಳಗೆ ಕುಟುಂಬ ಗುರುತಿಸಲು ಕುಡಿಮೀಸೆಯ ನಾಲ್ಕು ಗೆಣ್ಣು ನೋಡಬೇಕು. ಕೊನೆಯದು ಮೂರನೆಯದಕ್ಕಿಂತ ಗಿಡ್ಡವಿದ್ದರೆ ಡಿಸಿರ್ಟೊಮಿಡೆ. ಉದ್ದವಾಗಿ, ಉಪಖಂಡಗಳಾಗಿ ಒಡೆದಿದ್ದರೆ ಸ್ಮಿಂಥ್ಯುರಿಡೆ ಇರಬಹುದು. ಸ್ಮಿಂಥ್ಯುರಿಡಿಡೆ ಕುಟುಂಬದಲ್ಲಿ ಗಂಡಿನ ಕುಡಿಮೀಸೆಯೇ ಇಕ್ಕಳ. ಅದರಿಂದ ಹೆಣ್ಣಿನ ಕುಡಿಮೀಸೆ ಹಿಡಿದು ಜೋತುಬೀಳುವ ಪುಟ್ಟ ಗಂಡನ್ನು ಹೆಣ್ಣು ಹೊತ್ತು ತಿರುಗುತ್ತದೆ.

ಹಾಗಾಗಿ ಮೊಬೈಲಿಗೆ ಮ್ಯಾಕ್ರೊ ಲೆನ್ಸ್ ಸಿಕ್ಕಿಸಿ ಫೋಟೊ ತೆಗೆಯುವವರು ಮೇಲಿನಿಂದ ಒಂದು ತೆಗೆದು ಸುಮ್ಮನಾಗಬೇಡಿ. ಕುಡಿಮೀಸೆ ಪೂರ್ತಿ ಕಾಣುವಂತೆ ಪಕ್ಕದಿಂದಲೂ ಒಂದು ತೆಗೆಯಿರಿ. ಕುಟುಂಬದ ಹೆಸರು ಹೇಳಲು ಎಷ್ಟೋ ಸಲ ಅಷ್ಟೇ ಸಾಕು. ಪ್ರಭೇದ ತಿಳಿಯಬೇಕಾದರೆ ಮಾತ್ರ ರೋಮಗಳನ್ನೂ ಎಣಿಸಲು ಸೂಕ್ಷ್ಮದರ್ಶಕ ಬೇಕು.